ದ್ವೀಪದಲ್ಲಿ ಜಡಿಮಳೆ... ನಮ್ಮ ‘ಹೀರೋ’ ಕಣ್ಣು ತೆರೆಸಿದ ಮಳೆ!

ಬೆಳ್ಳಿತೆರೆಯ ಮೇಲೆ ಮಳೆ ಶುರುವಾಯಿತು ಅಂದರೆ ಸಾಕು, ಗಾಂಧಿ ಕ್ಲಾಸಿನಿಂದ ಶಿಳ್ಳೆಯೋ ಶಿಳ್ಳೆ! ಹೀರೋ ಅಂಗಿ ಒದ್ದೆ, ಹೀರೋಯಿನ್ ಸೀರೆ ಒದ್ದೆ, ಎರಡು ಗುಡುಗು, ಒಂದು ಮಿಂಚು, ಕೂಡಲೇ ಹಾಡು. ಹಾಡು ಮುಗಿದ ಮರುಕ್ಷಣ ಇಬ್ಬರೂ ಖಡಕ್ ಇಸ್ತ್ರಿ ಬಟ್ಟೆಯಲ್ಲಿ ಹಾಜರ್! ಒಬ್ಬರಿಗೂ ನೆಗಡಿಯಿಲ್ಲ, ಕೆಮ್ಮಿಲ್ಲ.

ನಾವೂ ಅಂಥ ಮಳೆಯನ್ನೇ ನಂಬಿ ಬೆಳೆದವರು ಸ್ವಾಮಿ. ಆದರೆ 2019ರ ಜೂನ್ ತಿಂಗಳಲ್ಲಿ ಅಂಡಮಾನಿನ ಒಂದು ದ್ವೀಪದಲ್ಲಿ ನಾಲ್ವರು ಗೆಳೆಯರು ಒಂದು ಇಡೀ ದಿನ ನಿಜವಾದ ಮಳೆಗೆ ಸಿಕ್ಕಿಬಿದ್ದೆವು. ಆ ಮಳೆಯಲ್ಲಿ ಹಾಡೂ ಇರಲಿಲ್ಲ, ಹೀರೋಯಿನ್ನೂ ಇರಲಿಲ್ಲ. ಇದ್ದದ್ದು ಒಂದು ಸುಳ್ಳು, ಒಂದು ಚಿನ್ನದ ಸರ, ಕೂದಲೆಳೆಯಲ್ಲಿ ಉಳಿದ ಒಂದು ಜೀವ. ಆ ಕತೆ ಹೇಳ್ತೀನಿ, ಕೇಳಿ.

ನಾಲ್ವರ ‘ಯೂನಿಟ್’

ನಮ್ಮದು ದಾವಣಗೆರೆ. ಕಾಲೇಜಿನಿಂದಲೂ ನಾಲ್ವರದೂ ಒಂದೇ ಗುಂಪು. ಶುಕ್ರವಾರ ಬಂತೆಂದರೆ ಮೊದಲ ಆಟಕ್ಕೆ ಹಾಜರಿ, ಇಂಟರ್‌ವಲ್‌ಗೆ ಮಂಡಕ್ಕಿ ಮಿರ್ಚಿ, ಸಿನಿಮಾ ಬಿಟ್ಟ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ವಿಮರ್ಶೆ. ನಮ್ಮ ಅಪ್ಪ-ಅಮ್ಮ ಇಟ್ಟ ಹೆಸರನ್ನು ನಾವೇ ಮರೆತಿದ್ದೆವು. ನೋಡಲು ಚೆಂದ ಇದ್ದವನು ‘ಹೀರೋ’. ಚನ್ನಗಿರಿ ಕಡೆಯ ಅಡಿಕೆ ತೋಟದವನು, ಆರಡಿ ಎತ್ತರ, ದಪ್ಪ ಮೀಸೆ, ಮಾತು ಕಡಿಮೆ, ಅವನು ‘ವಿಲನ್’. ಸದಾ ನಗಿಸುವವನು ‘ಕಾಮಿಡಿ’. ಮೂವರ ದುಡ್ಡನ್ನೂ ಜೇಬಿನಲ್ಲಿಟ್ಟುಕೊಂಡು ಲೆಕ್ಕ ಬರೆಯುವ ಪಾಪದ ಪ್ರಾಣಿ ನಾನು, ‘ಪ್ರೊಡ್ಯೂಸರ್’!

ಹೀರೋಗೆ ಅದು ಬರೀ ಅಡ್ಡಹೆಸರಾಗಿ ಉಳಿಯಲಿಲ್ಲ. ಬಿ.ಕಾಂ. ಮುಗಿಸಿ ಬೆಂಗಳೂರು ಬಸ್ಸು ಹತ್ತಿದ. ಗಾಂಧಿನಗರದ ಗಲ್ಲಿಗಲ್ಲಿ ಅಲೆದ. ಮೂರು ವರ್ಷ! ಎರಡು ಸಿನಿಮಾಗಳಲ್ಲಿ ಮದುವೆ ಮನೆಯ ಜನರ ನಡುವೆ ನಿಂತಿದ್ದ. ಒಂದರಲ್ಲಿ ಅವನ ಬೆನ್ನು ಕಂಡಿತು, ಇನ್ನೊಂದರಲ್ಲಿ ಅದೂ ಕತ್ತರಿಗೆ ಹೋಯಿತು. ಆದರೂ ಫೋನಿನಲ್ಲಿ ಒಂದೇ ಮಾತು: “ದೊಡ್ಡ ಬ್ಯಾನರ್ ಐತಿ ಕಣ್ರಲೇ. ಸೆಕೆಂಡ್ ಹೀರೋ ಪಾತ್ರ. ಇನ್ನೇನು ಮುಹೂರ್ತ!”

ಆ ಖುಷಿಗೇ ಈ ಪ್ರವಾಸ. ಚೆನ್ನೈ ಮೇಲಿಂದ ವಿಮಾನ. ಹೀರೋ ಟಿಕೆಟ್ಟಿನ ದುಡ್ಡು ವಿಲನ್ ಹಾಕಿದ. “ಅಡ್ವಾನ್ಸ್ ಬಂದ ತಕ್ಷಣ ಕೊಡ್ತೀನಲೇ” ಅಂದ ಹೀರೋ. ವಿಲನ್ ಮೀಸೆ ತಿರುವಿ ಸುಮ್ಮನಾದ.

ಕಾಲಾಪಾನಿಯ ನೆಲ

ಅಂಡಮಾನ್ ಅಂದ ಕೂಡಲೇ ಚಿತ್ರರಸಿಕರಿಗೆ ನೆನಪಾಗುವುದು ಪ್ರಿಯದರ್ಶನ್ ನಿರ್ದೇಶನದ ಮಲಯಾಳಂ ಚಿತ್ರ ‘ಕಾಲಾಪಾನಿ’ (1996). ಮೋಹನ್‌ಲಾಲ್, ಪ್ರಭು ಅಭಿನಯ, ಸಂತೋಷ್ ಶಿವನ್ ಛಾಯಾಗ್ರಹಣ, ಸಾಬು ಸಿರಿಲ್ ಕಲೆ. ಆ ಚಿತ್ರಕ್ಕೆ ಕ್ಯಾಮೆರಾ ಇಟ್ಟ ಸೆಲ್ಯುಲಾರ್ ಜೈಲನ್ನು ಮೊದಲ ದಿನವೇ ನೋಡಿದೆವು. 1896ರಲ್ಲಿ ಶುರುವಾಗಿ 1906ರಲ್ಲಿ ಮುಗಿದ ಕಟ್ಟಡ. ನಡುವಿನ ಗೋಪುರದಿಂದ ಹೊರಟ ಏಳು ರೆಕ್ಕೆಗಳಲ್ಲಿ ಈಗ ನಿಂತಿರುವುದು ಮೂರೇ ಮೂರು. ಒಂದು ಕೋಣೆಯ ಬಾಗಿಲಲ್ಲಿ ನಿಂತರೆ ಎದುರಿನ ಕೋಣೆಯವನ ಮುಖ ಕಾಣದು. ಹಾಗೆ ಕಟ್ಟಿದ್ದಾರೆ ಪಾಪಿಗಳು! ಒಬ್ಬನ ಕಷ್ಟ ಇನ್ನೊಬ್ಬನಿಗೆ ತಿಳಿಯಕೂಡದು ಅನ್ನುವುದೇ ಲೆಕ್ಕಾಚಾರ.

ಆ ಮಾತು ಆಮೇಲೆ ನನಗೆ ಬಹಳ ಸಲ ನೆನಪಾಯಿತು. ನಾಲ್ವರೂ ಒಟ್ಟಿಗೇ ಇದ್ದೆವು. ಒಬ್ಬನ ಕಷ್ಟ ಉಳಿದ ಮೂವರಿಗೆ ಗೊತ್ತಿರಲಿಲ್ಲ.

ಮಾರನೇ ದಿನ ಪೋರ್ಟ್ ಬ್ಲೇರ್‌ನಿಂದ (2024ರಲ್ಲಿ ಅದರ ಹೆಸರು ಶ್ರೀ ವಿಜಯಪುರಂ ಎಂದು ಬದಲಾಗಿದೆ) ಹಡಗು ಹತ್ತಿ ಎರಡೂವರೆ ಗಂಟೆಯಲ್ಲಿ ಹ್ಯಾವ್‌ಲಾಕ್ ದ್ವೀಪಕ್ಕೆ ಇಳಿದೆವು. 2018ರ ಡಿಸೆಂಬರಿನಿಂದ ಅದಕ್ಕೆ ಸ್ವರಾಜ್ ದ್ವೀಪ ಎಂಬ ಹೆಸರಿದೆ. ಅಲ್ಲಿ ಬೀಚುಗಳಿಗೆಲ್ಲ ನಂಬರು! 1ನೇ ನಂಬರ್ ಅಂದರೆ ಹಡಗು ನಿಲ್ಲುವ ಜೆಟ್ಟಿ, 3ನೇ ನಂಬರ್ ಬಜಾರು, 5ನೇ ನಂಬರಿನಲ್ಲಿ ನಮ್ಮ ಬಿದಿರಿನ ಗುಡಿಸಲು, 7ನೇ ನಂಬರ್ ಅಂದರೆ ಜಗತ್ಪ್ರಸಿದ್ಧ ರಾಧಾನಗರ ಬೀಚು. ‘ಟೈಮ್’ ಪತ್ರಿಕೆ 2004ರಲ್ಲಿ ಏಷ್ಯಾದ ಅತ್ಯುತ್ತಮ ಬೀಚ್ ಎಂದು ಹೊಗಳಿದ್ದು ಇದನ್ನೇ. ಈ ದ್ವೀಪದ ನೀರಿನಲ್ಲಿ ಈಜಾಡುತ್ತಿದ್ದ ರಾಜನ್ ಎಂಬ ಆನೆ ‘ದಿ ಫಾಲ್’ (2006) ಎಂಬ ಇಂಗ್ಲಿಷ್ ಚಿತ್ರದಲ್ಲಿ ಬಂದುಹೋಗಿದೆ. ನಿರ್ದೇಶಕ ನಮ್ಮ ದೇಶದವರೇ ಆದ ತರ್ಸೆಮ್ ಸಿಂಗ್. ರಾಜನ್ 2016ರಲ್ಲಿ ತೀರಿಕೊಂಡಿತು. “ನೋಡ್ರಲೇ, ಇಲ್ಲಿ ಆನೆಗೂ ಚಾನ್ಸ್ ಸಿಕ್ಕೈತಿ!” ಅಂದ ಕಾಮಿಡಿ. ಎಲ್ಲರೂ ನಕ್ಕೆವು. ಹೀರೋ ಮಾತ್ರ ನಗಲಿಲ್ಲ.

ಬಂತು ನೋಡಿ ಮಳೆ!

ಮೂರನೇ ದಿನ ಬೆಳಗಿನ ಜಾವ ತಗಡಿನ ಮೇಲೆ ಯಾರೋ ಜಲ್ಲಿ ಸುರಿದಂತೆ ಸದ್ದು. ಎದ್ದು ನೋಡಿದರೆ ಸಮುದ್ರವೇ ಕಾಣುತ್ತಿಲ್ಲ! ತೆಂಗಿನ ಮರಗಳು ಬಗ್ಗಿ ಬಗ್ಗಿ ನಮಸ್ಕಾರ ಹಾಕುತ್ತಿವೆ. ಅಂಡಮಾನಿನಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ನಮ್ಮ ದಾವಣಗೆರೆಯಲ್ಲಿ ಬೀಳುವುದು ಹೆಚ್ಚುಕಡಿಮೆ ಅದರ ಐದನೇ ಒಂದು ಪಾಲು. ಮುಂಗಾರು ನಮ್ಮ ನಾಡಿಗೆ ಬರುವ ಮೊದಲೇ, ಮೇ ತಿಂಗಳ ಮೂರನೇ ವಾರದ ಹೊತ್ತಿಗೆ ಅಲ್ಲಿ ಮುಹೂರ್ತ ಮಾಡಿರುತ್ತದೆ. ಜೂನ್‌ನಲ್ಲಿ ಅಗ್ಗದ ದರಕ್ಕೆ ರೂಮು ಯಾಕೆ ಸಿಕ್ಕಿತು ಅನ್ನುವುದು ನಿಮ್ಮ ಪ್ರೊಡ್ಯೂಸರಿಗೆ ಆಗ ಹೊಳೆಯಿತು!

ಜೆಟ್ಟಿಗೆ ಹೋಗಿ ವಿಚಾರಿಸಿದರೆ ಹಡಗು ರದ್ದು. ನಾಳೆ? “ಸಮುದ್ರ ಹೇಳಿದ ಹಾಗೆ” ಅಂದರು. 2016ರ ಡಿಸೆಂಬರಿನಲ್ಲಿ ಹೀಗೇ ಬಿರುಗಾಳಿ ಮಳೆಗೆ ಸಿಕ್ಕಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಹ್ಯಾವ್‌ಲಾಕ್, ನೀಲ್ ದ್ವೀಪಗಳಲ್ಲಿ ಉಳಿದುಬಿಟ್ಟಿದ್ದರಂತೆ. ನೌಕಾಪಡೆಯ ಹಡಗುಗಳು ಬಂದು ಕರೆದೊಯ್ಯಬೇಕಾಯಿತು. ಅದನ್ನು ಕೇಳಿ ಕಾಮಿಡಿಯ ಮುಖವೂ ಬಿಳುಚಿಕೊಂಡಿತು. ಮೊಬೈಲಿನಲ್ಲಿ ಇಂಟರ್‌ನೆಟ್ ಆಮೆಗಿಂತ ನಿಧಾನ. ಚೆನ್ನೈಯಿಂದ ಸಮುದ್ರದಡಿಯ ಕೇಬಲ್ ಬಂದು ಉದ್ಘಾಟನೆಯಾದದ್ದು 2020ರ ಆಗಸ್ಟಿನಲ್ಲಿ. ನಾವು ಹೋಗಿದ್ದು ಅದಕ್ಕೂ ಮುಂಚೆ. ಅಂದರೆ ಸಿನಿಮಾ ಇಲ್ಲ, ವಿಡಿಯೋ ಇಲ್ಲ, ಏನೂ ಇಲ್ಲ! ನಾಲ್ವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂರಬೇಕು.

ಗುಡಿಸಲ ಪಕ್ಕದಲ್ಲೇ ಒಂದು ಪುಟ್ಟ ಹೋಟೆಲು. ನಡೆಸುವಾಕೆ ಐವತ್ತು ದಾಟಿದ ಬಂಗಾಳಿ ಹೆಂಗಸು. ಎಲ್ಲರೂ ದೀದಿ ಅನ್ನುತ್ತಿದ್ದರು, ನಾವೂ ದೀದಿ ಅಂದೆವು. ದೇಶ ವಿಭಜನೆಯಾದ ಮೇಲೆ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ 1950ರ ದಶಕದಲ್ಲಿ ಸರ್ಕಾರ ಇಲ್ಲಿ ಜಮೀನು ಕೊಟ್ಟು ಕೂರಿಸಿತು. ಅಂಥ ಮನೆತನ ಆಕೆಯದು. ಮಳೆ ಬಂದರೆ ಬಂಗಾಳಿಗಳ ಮನೆಯಲ್ಲಿ ಖಿಚುಡಿ ಆಗಲೇಬೇಕಂತೆ. ಹುರಿದ ಹೆಸರುಬೇಳೆ, ಅಕ್ಕಿ, ಶುಂಠಿ, ಜತೆಗೆ ದಪ್ಪಗೆ ಹೆಚ್ಚಿ ಎಣ್ಣೆಯಲ್ಲಿ ಕರಿದ ಬದನೆಕಾಯಿ. ನಮ್ಮ ಬಾಯಲ್ಲಿ ಮಿರ್ಚಿಯ ನೆನಪು, ಹೊಟ್ಟೆಗೆ ಖಿಚುಡಿ! ಎರಡೆರಡು ತಟ್ಟೆ ಖಾಲಿ.

ವಿಲನ್ ಮಾತ್ರ ಹೋಟೆಲಿನ ಹಿಂದಿದ್ದ ಅಡಿಕೆ ಮರಗಳನ್ನೇ ನೋಡುತ್ತಿದ್ದ. ಹೌದು ಸ್ವಾಮಿ, ಆ ದ್ವೀಪದ ತುಂಬ ಅಡಿಕೆ! “ಮಳೆ ಹಿಂಗ ಹಿಡಿದ್ರೆ ಕಾಯಿಗೆ ಕೊಳೆ ಬರ್ತೈತಿ. ಬೋರ್ಡೋ ಹೊಡೆದಾರೋ ಇಲ್ಲೋ” ಅಂದ. ಅವನಿಗೆ ಎಲ್ಲಿ ಹೋದರೂ ಅಪ್ಪನ ತೋಟವೇ.

“ಕ್ಯಾಮೆರಾ ಹಿಡಿಯಲೇ!”

ಮಧ್ಯಾಹ್ನದ ಹೊತ್ತಿಗೆ ಹೀರೋಗೆ ಹುಚ್ಚು ಹಿಡಿಯಿತು. “ಇಂಥ ಮಳೆ, ಇಂಥ ಬೀಚು! ಲಕ್ಷ ಕೊಟ್ರೂ ಸಿಗಲ್ಲ. ಸಮುದ್ರದಾಗ ನಿಂತು ಒಂದು ಬಿಟ್ ಶೂಟ್ ಮಾಡಾನ. ಡೈರೆಕ್ಟರ್‌ಗೆ ತೋರಿಸ್ಬೇಕು.”

ವಿಲನ್ ಬೇಡ ಅಂದ. ನಾನು ನಡುವೆ ಬಾಯಿ ಹಾಕಿ “ಐದು ನಿಮಿಷದ ಕೆಲಸ ಬಾರಲೇ” ಅಂದೆ. ತಪ್ಪು ನನ್ನದೂ ಇತ್ತು. ಬಾಡಿಗೆ ಸ್ಕೂಟರ್ ಎರಡು ತೆಗೆದುಕೊಂಡು ಏಳನೇ ನಂಬರಿಗೆ ಹೋದೆವು.

ರಾಧಾನಗರದಲ್ಲಿ ನರಪಿಳ್ಳೆ ಇಲ್ಲ. ಕೆಂಪು ಬಾವುಟ ಪಟಪಟ ಹೊಡೆದುಕೊಳ್ಳುತ್ತಿತ್ತು. ದೂರದ ಮಾಡಿನ ಕೆಳಗೆ ಇಬ್ಬರು ಜೀವರಕ್ಷಕರು. ಕೆಂಪು ಬಾವುಟ ಅಂದರೆ ನೀರಿಗೆ ಇಳಿಯಬೇಡಿ ಅಂತ. ಹೀರೋ ನಕ್ಕ. “ಭದ್ರಾ ಚಾನಲ್‌ನಾಗ ಈಜು ಕಲ್ತೋರು ನಾವು!” ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿ, ಕೂದಲು ಹಿಂದಕ್ಕೆ ಒರೆಸಿ, ಕೈ ಎರಡೂ ಚಾಚಿ ಹಿಂದಕ್ಕೆ ಹಿಂದಕ್ಕೆ ನಡೆದ. ನಾನು ಪ್ಲಾಸ್ಟಿಕ್ ಚೀಲದೊಳಗೆ ಮೊಬೈಲ್ ಇಟ್ಟುಕೊಂಡು “ಇನ್ನೊಂದ್ ಸ್ವಲ್ಪ ಹಿಂದೆ” ಅನ್ನುತ್ತಿದ್ದೆ.

ಮೊಣಕಾಲು. ತೊಡೆ. ಸೊಂಟ. ಒಂದು ಅಲೆ ಬಂದು ಹಿಂದೆ ಸರಿಯಿತು. ಮೊಬೈಲಿನ ಚೌಕಟ್ಟಿನಲ್ಲಿ ಹೀರೋ ಇರಲಿಲ್ಲ.

ಆಮೇಲೆ ತಲೆ ಕಂಡಿತು, ಹತ್ತಾರು ಮಾರು ಆಚೆ! ದಡದ ಕಡೆಗೇ ಮುಖ ಮಾಡಿ ಕೈ ಬಡಿಯುತ್ತಿದ್ದಾನೆ, ಆದರೂ ದೂರ ದೂರ ಹೋಗುತ್ತಿದ್ದಾನೆ. ಜೀವರಕ್ಷಕನ ಪೀಪಿ ಕೇಳಿತು. ಅಷ್ಟರಲ್ಲಿ ವಿಲನ್ ಚಪ್ಪಲಿ ಸಮೇತ ನೀರಿಗೆ ಹಾರಿಯಾಗಿತ್ತು! ಜೀವರಕ್ಷಕ ತೇಲುವ ಬಳೆ ಹಿಡಿದು ಅವನ ಹಿಂದೆಯೇ ಓಡಿದ. ಇನ್ನೊಬ್ಬ ದಡದಿಂದ ಹಗ್ಗ ಬಿಟ್ಟ. ಕಾಮಿಡಿ ಜೋರಾಗಿ ಅಳುತ್ತಿದ್ದ. ನನ್ನ ಕೈಯಲ್ಲಿ ಮೊಬೈಲ್ ಇನ್ನೂ ಓಡುತ್ತಲೇ ಇತ್ತು.

ಎಷ್ಟು ಹೊತ್ತಾಯಿತೋ ದೇವರಿಗೇ ಗೊತ್ತು. ಮೂವರೂ ಓರೆಯಾಗಿ ಈಜಿ, ಬಹಳ ಆಚೆ ದಡ ಸೇರಿದರು. ಹೀರೋ ಮರಳಿನ ಮೇಲೆ ಬೋರಲು ಬಿದ್ದು ಉಪ್ಪುನೀರು ಕಾರಿಕೊಂಡ. ಜೀವರಕ್ಷಕ ನಮಗೆ ಬೈದ ಬೈಗುಳ ಹಿಂದಿಯಲ್ಲಿತ್ತು, ಒಂದೂ ತಪ್ಪಿರಲಿಲ್ಲ. ಬೈದಾದ ಮೇಲೆ ಪಾಠವನ್ನೂ ಹೇಳಿದ. ಅದನ್ನು ನೀವೂ ನೆನಪಿಟ್ಟುಕೊಳ್ಳಿ ಗೆಳೆಯರೇ. ಅಲೆ ತಂದು ಸುರಿದ ನೀರು ಎಲ್ಲೋ ಒಂದು ಕಡೆ ಜೋರಾಗಿ ಸಮುದ್ರಕ್ಕೆ ವಾಪಸ್ ಹರಿಯುತ್ತದೆ. ಆ ಸೆಳೆತಕ್ಕೆ ಎದುರಾಗಿ ಈಜಿದರೆ ಎಂಥ ಪೈಲ್ವಾನನೂ ಸೋಲುತ್ತಾನೆ. ಗಾಬರಿಯಾಗದೆ ತೇಲಬೇಕು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಬೇಕು, ಸೆಳೆತ ತಪ್ಪಿದ ಮೇಲೆ ದಡದ ಕಡೆ ತಿರುಗಬೇಕು. ಚಾನಲ್ ಈಜೇ ಬೇರೆ, ಸಮುದ್ರದ ಈಜೇ ಬೇರೆ!

ಬುತ್ತಿ ಬಿಚ್ಚಿದ ಸಂಜೆ

ಅಂಡಮಾನಿನಲ್ಲಿ ಸಂಜೆ ಐದೂವರೆ ದಾಟುತ್ತಿದ್ದಂತೆ ಸೂರ್ಯ ಪ್ಯಾಕಪ್! ಅವತ್ತು ಸೂರ್ಯ ಬಂದೇ ಇರಲಿಲ್ಲ. ದೀದಿಯ ಹೋಟೆಲಿನಲ್ಲಿ ಕರೆಂಟಿಲ್ಲ, ಒಂದು ಮೇಣದಬತ್ತಿ. ಹೀರೋ ದೀದಿ ಕೊಟ್ಟ ಹಳೇ ಶಾಲು ಹೊದ್ದು ನಡುಗುತ್ತಿದ್ದ. ಯಾರೂ ಮಾತಾಡಲಿಲ್ಲ. ಕೊನೆಗೆ ನಾನೇ “ಹೋಗ್ಲಿ ಬಿಡಲೇ, ವಿಡಿಯೋ ಅಳಿಸಿಬಿಡ್ತೀನಿ. ಮುಹೂರ್ತಕ್ಕೆ ಒಳ್ಳೇದಾಗ್ಲಿ” ಅಂದೆ.

“ಯಾವ ಮುಹೂರ್ತ?” ಅಂದ ಹೀರೋ. ಆಮೇಲೆ ಮುಖ ಮುಚ್ಚಿಕೊಂಡ.

ಬ್ಯಾನರೂ ಇರಲಿಲ್ಲ, ಪಾತ್ರವೂ ಇರಲಿಲ್ಲ! ಯಾರೋ ಒಬ್ಬ, ಕೊರಳಲ್ಲಿ ಸರಪಳಿ, ಕೈಯಲ್ಲಿ ಎರಡು ಫೋನು. “ಸೆಕೆಂಡ್ ಹೀರೋ ನೀನೇ. ಕಲಾವಿದರೂ ಸ್ವಲ್ಪ ಬಂಡವಾಳ ಹಾಕ್ಬೇಕು” ಅಂದಿದ್ದಾನೆ. ಇವನು 1,20,000 ರೂಪಾಯಿ ಕೊಟ್ಟಿದ್ದಾನೆ. ಎಲ್ಲಿಂದ? ಅವ್ವನ ಎರಡೆಳೆ ಸರ ಅಡವಿಟ್ಟು. ಅವ್ವನಿಗೆ ಹೇಳಿದ್ದು “ಪಾಲಿಶ್ ಮಾಡಿಸ್ಕೊಂಡು ಬರ್ತೀನಿ” ಅಂತ. ಆ ಮಹಾನುಭಾವನ ಫೋನು ಆರಿ ಎರಡು ತಿಂಗಳಾಗಿತ್ತು.

“ಊರಿಗೆ ಯಾವ ಮುಖ ಹೊತ್ಕೊಂಡು ಹೋಗ್ಲಿ? ನೀರಿನಾಗ ಹೋಗ್ತಿದ್ದಾಗ ಒಂದು ಕ್ಷಣ ಅನ್ನಿಸ್ತು, ಹಿಂಗೇ ಹೋಗ್ಬಿಟ್ರೆ ಚಲೋ ಅಂತ. ಆಮೇಲೆ ಇವನು ಬಂದು ಜುಟ್ಟು ಹಿಡ್ಕೊಂಡ” ಅಂದ.

ಮಳೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ವಿಲನ್ ಬಹಳ ಹೊತ್ತಿನ ಮೇಲೆ ಬಾಯಿ ಬಿಟ್ಟ. “ಸರದ ವಿಷಯ ನನಗ ಗೊತ್ತಿತ್ತು. ಅಂಗಡಿಯವರು ನಮ್ಮಪ್ಪಗ ಪರಿಚಯ. ನೀನಾಗೇ ಹೇಳ್ತೀಯ ಅಂತ ಕಾದೆ. ಅದಕ್ಕೇ ಟಿಕೆಟ್ ಹಾಕಿ ಕರ್ಕೊಂಡ್ ಬಂದೆ.”

ನೋಡಿದಿರಾ ಓದುಗ ಮಿತ್ರರೇ! ಹೀರೋನ ಕಾಪಾಡಿದ್ದು ವಿಲನ್. ನೀರಿನಿಂದಲೂ, ಅದಕ್ಕಿಂತ ಆಳವಾದ ಇನ್ನೊಂದರಿಂದಲೂ.

ದೀದಿಗೆ ಕನ್ನಡ ಬರದು. ಆದರೂ ಎಲ್ಲ ತಿಳಿದವಳಂತೆ ಚಹಾ ತಂದಿಟ್ಟಳು. “ನಮ್ಮ ಮಾವನವರು ಬಂದಾಗ ಇಲ್ಲಿ ಕಾಡು ಬಿಟ್ಟರೆ ಮಳೆ, ಅಷ್ಟೇ. ಮಳೆ ನಿಲ್ಲಲಿ ಅಂತ ಕೂತಿದ್ದರೆ ಇವತ್ತಿಗೂ ಹಡಗಿನಲ್ಲೇ ಇರ್ತಿದ್ವಿ ಮಕ್ಕಳಾ” ಅಂದಳು. ಅವಳ ಹಿಂದಿಯನ್ನು ಕಾಮಿಡಿ ನಮಗೆ ಕನ್ನಡ ಮಾಡಿದ. ಅವತ್ತು ಅವನು ಜೋಕು ಸೇರಿಸಲಿಲ್ಲ.

ರಾತ್ರಿ ಪ್ರೊಡ್ಯೂಸರ್ ನೋಟ್‌ಬುಕ್ ತೆಗೆದ. ಮೂವರು ಸೇರಿ ಬಡ್ಡಿ ಕಟ್ಟುವುದು, ಅಸಲು ಹೀರೋ ದುಡಿದು ತೀರಿಸುವುದು, ಊರಿಗೆ ಹೋದ ದಿನವೇ ಅವ್ವನಿಗೆ ನಿಜ ಹೇಳುವುದು. ಮೂರು ಸಾಲು, ನಾಲ್ಕು ಸಹಿ. ಎರಡು ದಿನದ ಮೇಲೆ ಹಡಗು ಬಂತು.

ಈಗ ಹೀರೋ ಮಳೆ ಸುರಿಸುತ್ತಾನೆ!

ಅವ್ವ ಎರಡು ದಿನ ಮಾತು ಬಿಟ್ಟರು, ಮೂರನೇ ದಿನ ಬೆಣ್ಣೆ ದೋಸೆ ಹಾಕಿಕೊಟ್ಟರು. 2021ರಲ್ಲಿ ಹೀರೋ ಮತ್ತೆ ಬೆಂಗಳೂರಿಗೆ ಹೋದ. ಕ್ಯಾಮೆರಾ ಮುಂದೆ ನಿಲ್ಲಲು ಅಲ್ಲ. ಶೂಟಿಂಗಿಗೆ ಮಳೆ ಒದಗಿಸುವ ತಂಡದಲ್ಲಿ ಪೈಪು ಹಿಡಿಯುವ ಕೆಲಸ! 2022ರಲ್ಲಿ ಸರ ಬಿಡಿಸಿಕೊಂಡು ಬಂದ. ಈಗ ಅವನ ಕೈಕೆಳಗೆ ಇಬ್ಬರು ಹುಡುಗರಿದ್ದಾರೆ.

ಅವನು ಹೇಳಿದ ಗುಟ್ಟುಗಳನ್ನು ಕೇಳಿ. ನಿಜವಾದ ಮಳೆಯ ಸಣ್ಣ ಹನಿ ಕ್ಯಾಮೆರಾಗೆ ಸರಿಯಾಗಿ ಕಾಣುವುದೇ ಇಲ್ಲ. ಅದಕ್ಕೇ ಎತ್ತರದಲ್ಲಿ ಪೈಪು ಕಟ್ಟಿ, ಟ್ಯಾಂಕರ್ ನೀರನ್ನು ಮೋಟಾರಿನಿಂದ ಒತ್ತಿ, ದಪ್ಪ ಹನಿ ಬೀಳಿಸುತ್ತಾರೆ. ದೀಪ ಹನಿಯ ಹಿಂದಿನಿಂದ ಬರಬೇಕು, ಹಿನ್ನೆಲೆ ಕಪ್ಪಗಿರಬೇಕು; ಆಗ ಒಂದೊಂದು ಹನಿಯೂ ಬೆಳ್ಳಿಯಂತೆ ಹೊಳೆಯುತ್ತದೆ. ‘ಸಿಂಗಿಂಗ್ ಇನ್ ದ ರೇನ್’ (1952) ಚಿತ್ರದಲ್ಲಿ ನೀರಿಗೆ ಹಾಲು ಬೆರೆಸಿದ್ದರು ಅನ್ನುವುದು ಕಟ್ಟುಕತೆ, ಅಲ್ಲೂ ಕೆಲಸ ಮಾಡಿದ್ದು ಹಿಂದಿನ ದೀಪವೇ. ಆ ಮಳೆ ಹಾಡಿಗೆ ಜೀನ್ ಕೆಲ್ಲಿ ಕುಣಿದದ್ದು ಮೈಸುಡುವ ಜ್ವರದಲ್ಲಿ! ಕೃತಕ ಮಳೆಯ ಹೊತ್ತಿನಲ್ಲಿ ಬಿಸಿಲು ಬಂತೋ, ಮೋಸ ಬಯಲು. ಅದಕ್ಕೇ ಮೋಡದ ದಿನ ಅಥವಾ ರಾತ್ರಿ ಕಾಯುತ್ತಾರೆ. ನೀರಿನ ಸದ್ದಿಗೆ ಮಾತು ಕೇಳದು, ಆಮೇಲೆ ಡಬ್ಬಿಂಗ್. ನೆಲದ ಮೇಲೆ ಕರೆಂಟಿನ ವೈರು, ಮೇಲೆ ನೀರು. ಒಬ್ಬನ ಗಮನ ತಪ್ಪಿದರೂ ಅನಾಹುತ.

“ಹಂಗಾದ್ರೆ ‘ಮುಂಗಾರು ಮಳೆ’?” ಅಂತ ಕೇಳಿದೆ. 2006ರ ಡಿಸೆಂಬರ್ 29ರಂದು ಬಂದ ಯೋಗರಾಜ್ ಭಟ್ಟರ ಆ ಚಿತ್ರಕ್ಕೆ ಸಕಲೇಶಪುರ, ಮಡಿಕೇರಿ ಸುತ್ತಮುತ್ತಲ ನಿಜವಾದ ಮಳೆಯೇ ಒದಗಿತ್ತಲ್ಲ! ಎಸ್. ಕೃಷ್ಣ ಅವರ ಕ್ಯಾಮೆರಾ, ಹಸಿರು ಕಾಡು, ಗಣೇಶ್ ಮಾತು. ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ವರ್ಷ ದಾಟಿ ಓಡಿತು. ಹೀರೋ ನಕ್ಕು “ನಿಜವಾದ ಮಳೆನ ಕ್ಯಾಮೆರಾಗ ಹಿಡಿಯೋಕೆ ಎದೆಗಾರಿಕೆ ಬೇಕಲೇ. ನಮ್ಮದು ನಲ್ಲಿ ತಿರುವಿದ್ರೆ ನಿಲ್ಲೋ ಮಳೆ. ಅದು ನಿಲ್ಲಲ್ಲ” ಅಂದ. ಯಾವ ಮಳೆಯ ಮಾತಾಡುತ್ತಿದ್ದಾನೆ ಅಂತ ನನಗೆ ಗೊತ್ತಾಯಿತು.

ಇಷ್ಟು ಓದಿದ ಮೇಲೆ, ಬಣ್ಣದ ಲೋಕದ ಕನಸು ಕಾಣುವ ತಮ್ಮಂದಿರಿಗೆ ಒಂದೆರಡು ಮಾತು. ಪಾತ್ರ ಕೊಡ್ತೀನಿ, ದುಡ್ಡು ಕೊಡು ಅನ್ನುವವನು ನಿರ್ಮಾಪಕನಲ್ಲ. ನಿರ್ಮಾಪಕ ಕಲಾವಿದನಿಗೆ ದುಡ್ಡು ಕೊಡುತ್ತಾನೆ, ಕೇಳುವುದಿಲ್ಲ. ಬ್ಯಾನರಿನ ಬಗ್ಗೆ ಅನುಮಾನ ಬಂದರೆ ಬೆಂಗಳೂರಿನಲ್ಲಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ಇದೆ, ಬ್ಯಾನರು, ಶೀರ್ಷಿಕೆ ನೋಂದಾಯಿಸುವ ಜಾಗ, ಹೋಗಿ ವಿಚಾರಿಸಿ. ಮೋಸ ಹೋದರೂ ಗೆಳೆಯರಿಂದ ಮುಚ್ಚಿಡಬೇಡಿ. ಗೆಳೆಯ ಬೈಯುತ್ತಾನೆ, ಆಮೇಲೆ ಚಪ್ಪಲಿ ಸಮೇತ ನೀರಿಗೆ ಹಾರುತ್ತಾನೆ.

ಅಂದ ಹಾಗೆ ಆ ವಿಡಿಯೋ ನಾನು ಅಳಿಸಲಿಲ್ಲ. ಹೀರೋ ಮೂರು ಹೆಜ್ಜೆ ಹಿಂದೆ ಹೋಗುತ್ತಾನೆ, ಅಲೆ ಬರುತ್ತದೆ, ಆಮೇಲೆ ಬರೀ ನೀರು. ನಡುವೆ ಒಂದು ದಪ್ಪ ಮೀಸೆ ಅಡ್ಡ ಹಾದು ಹೋಗುತ್ತದೆ. ಬೆಳಕಿಲ್ಲ, ಫೋಕಸ್ ಇಲ್ಲ, ಮಳೆಯಂತೂ ಕಾಣುವುದೇ ಇಲ್ಲ. ವರ್ಷಕ್ಕೊಮ್ಮೆ ನಾಲ್ವರೂ ಸೇರಿದಾಗ ಮಂಡಕ್ಕಿ ಮಿರ್ಚಿ ತರಿಸಿ ಅದನ್ನೇ ನೋಡುತ್ತೇವೆ.

ಮುಂದಿನ ಸಲ ತೆರೆಯ ಮೇಲೆ ಮಳೆ ಬಂದಾಗ ಧಾರಾಳವಾಗಿ ಶಿಳ್ಳೆ ಹೊಡೆಯಿರಿ. ಒಂದು ಶಿಳ್ಳೆ ಹೀರೋಗೆ, ಒಂದು ಹೀರೋಯಿನ್‌ಗೆ. ಇನ್ನೊಂದು, ತೆರೆಯಾಚೆ ಏಣಿ ಹತ್ತಿ ಪೈಪು ಹಿಡಿದು ತಾನೂ ತೊಯ್ದು ನಿಂತ ನಮ್ಮ ಹುಡುಗನಿಗೆ! ಏನಂತೀರಿ?